ಇದ್ದಲಿಗೆ ಒಗ್ಗದ ಬಸ್ಸು

ಕ್ಯಾತಣ್ಣನಿಗೆ ಕೂತ ಕಡೆ ಕೂರುವ ಅಭ್ಯಾಸವೇ ಇರಲಿಲ್ಲ. ಬುಕ್ಕಾಪಟ್ಟಣದ ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ ಹುಟ್ಟಿ, ನಡೆಯಲು ಕಲಿತಂದಿನಿಂದ ಕುರಿಗಳ ಹಿಂದೆ ನಡೆದವನು. ಹದಿನೇಳನೆಯ ವಯಸ್ಸಿನಲ್ಲಿ ಶಿರಾ ಸಂತೆಗೆ ಟಗರುಗಳನ್ನು ಹೊಡೆದುಕೊಂಡು ಬಂದಾಗ ಮೊದಲ ಸಲ ಮೋಟಾರು ಕಂಡ. ಅದರ ಸುತ್ತ ನಾಲ್ಕು ಸುತ್ತು ಬಂದ. ಟಗರು ಮಾರಿದ ದುಡ್ಡನ್ನು ಅಣ್ಣ ಹುಚ್ಚಣ್ಣನ ಕೈಗಿಟ್ಟು, "ನೀನು ಹೋಗು, ನಾನು ಆಮ್ಯಾಕೆ ಬತ್ತೀನಿ" ಅಂದ. ಹಟ್ಟಿಗೆ ಹೋದದ್ದು ಎರಡು ವರ್ಷದ ಮೇಲೆ, ಖಾಕಿ ಚಡ್ಡಿ ತೊಟ್ಟುಕೊಂಡು. ಅಷ್ಟರಲ್ಲಿ ಬಸ್ಸು ತೊಳೆಯುವುದು, ಮುಂದೆ ನಿಂತು ಹ್ಯಾಂಡಲ್ ತಿರುವುವುದು, ಟೈರಿಗೆ ತೇಪೆ ಹಾಕುವುದು ಎಲ್ಲವನ್ನೂ ಕಲಿತಿದ್ದ. ಇನ್ನೈದು ವರ್ಷಕ್ಕೆ ಲೈಸೆನ್ಸು ಸಿಕ್ಕಿತು. ಮಧುಗಿರಿಯ ಧಾನ್ಯದ ವ್ಯಾಪಾರಿ ಮಹಾಲಿಂಗಯ್ಯನವರು ತಮ್ಮ ಬಸ್ಸಿಗೆ ಅವನನ್ನು ಡ್ರೈವರ್ ಮಾಡಿಕೊಂಡರು.

ಆ ಬಸ್ಸು ಶಿರಾದಿಂದ ಹೊರಟು, ಮಧುಗಿರಿ, ಮಿಡಿಗೇಶಿ ಹಾದು ಪಾವಗಡ ಸೇರುತ್ತಿತ್ತು. ಇಪ್ಪತ್ತು ಜನಕ್ಕೆ ಮಾಡಿದ ಬಸ್ಸು. ಮೂವತ್ತು ಜನ, ಮೇಲೆ ಕೋಳಿ ಬುಟ್ಟಿ, ಕಡಲೆಕಾಯಿ ಮೂಟೆ. ಏಳು ವರ್ಷ ಅದನ್ನು ಓಡಿಸಿದ ಕ್ಯಾತಣ್ಣನಿಗೆ ಮನೆಯ ಹಜಾರದಲ್ಲಿ ಊಟಕ್ಕೆ ಕೂತರೂ ಬಲಗಾಲು ಇಲ್ಲದ ಪೆಡಲನ್ನು ಒತ್ತುತ್ತಿತ್ತು. "ಗಂಗಾಳ ಒದ್ದೀಯ, ಕಾಲು ಮಡಿಚ್ಕೊ" ಎಂದು ಹೆಂಡತಿ ಜುಂಜಮ್ಮ ದಿನಾ ಹೇಳುವಳು.

ಯುದ್ಧ ಶುರುವಾಗಿ ಮೂರು ವರ್ಷ ಕಳೆಯುವ ಹೊತ್ತಿಗೆ ಪೆಟ್ರೋಲು ಕೂಪನ್ನಿನ ವಸ್ತುವಾಗಿ, ದಿನಾ ಓಡುತ್ತಿದ್ದ ಬಸ್ಸು ವಾರಕ್ಕೆ ಮೂರೇ ದಿನ ಓಡತೊಡಗಿತು. ಬೆಂಗಳೂರಿನಲ್ಲಿ ಬಸ್ಸುಗಳ ಬೆನ್ನಿಗೆ ಆಳೆತ್ತರದ ಡ್ರಮ್ಮು ಕಟ್ಟಿ, ಅದರೊಳಗೆ ಇದ್ದಲು ಉರಿಸಿ, ಆ ಹೊಗೆಯಿಂದಲೇ ಇಂಜಿನ್ ನಡೆಸುತ್ತಿದ್ದಾರೆಂಬ ಸುದ್ದಿ ಬಂತು. ಆದರೆ ಇವರ ಬಸ್ಸು ಆಗಲೇ ಮುದಿಯಾಗಿತ್ತು. ಏರಿನಲ್ಲಿ ಏದುಸಿರು ಬಿಡುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು, ಹಿಂದಿನಿಂದ ನೀಲಿ ಹೊಗೆ ಉಗುಳುತ್ತಿತ್ತು. ಎರಡು ತಿಂಗಳಿಂದ ಒಳಗೆಲ್ಲೋ ಟಕ್ ಟಕ್ ಎನ್ನುವ ಸದ್ದೊಂದು ಸೇರಿಕೊಂಡಿತ್ತು.

ಒಂದು ಶನಿವಾರ ಮಹಾಲಿಂಗಯ್ಯನವರು ಅವನನ್ನು ಮಂಡಿಗೆ ಕರೆಸಿದರು.

"ಕ್ಯಾತಣ್ಣ, ನಾಡಿದ್ದಲ್ಲ, ಅದರ ಮುಂದಿನ ಸೋಮವಾರ ಬೆಂಗಳೂರಿಂದ ಗ್ಯಾಸ್ ಪ್ಲಾಂಟ್ ಕೂರಿಸೋನು ಬರ್ತಾನೆ. ಕೂರಿಸಿದರೆ ಬಸ್ಸು ಉಳೀತದೆ. ಕೂರಿಸದಿದ್ದರೆ ಗುಜರಿಯವನಿಗೆ ಕೊಟ್ಟು ಕೈತೊಳ್ಕೋತೀನಿ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಅದರ ಹೊಟ್ಟೆಯೊಳಗೇನಿದೆ ಅಂತ ಗೊತ್ತಿರೋನು ನೀನೊಬ್ಬನೇ. ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

"ಆಗ್ಲಿ ಸಾವ್ಕಾರ್ರೆ, ನೋಡಿ ಹೇಳ್ತೀನಿ" ಎಂದಷ್ಟೇ ಹೇಳಿ ಕ್ಯಾತಣ್ಣ ಹೊರಬಂದ.

ಮನೆಗೆ ಹೋಗಲಿಲ್ಲ. ಕೋಟೆ ಬೆಟ್ಟದ ಬುಡದವರೆಗೆ ನಡೆದ, ಅಲ್ಲಿಂದ ತಿರುಗಿ ಪೇಟೆಗೆ ಬಂದ, ಮತ್ತೆ ಬಸ್ಸು ನಿಲ್ಲಿಸಿದ್ದ ಕಡೆ ಹೋಗಿ ಬಾನೆಟ್ಟು ಎತ್ತಿ ನೋಡಿದ, ಮುಚ್ಚಿದ. ಹೂಂ ಅನ್ನುವುದು ಎಷ್ಟು ಸುಲಭ! ಆದರೆ ಸಾಹುಕಾರರು ನಂಬಿ ಹಣ ಸುರಿದ ಮೇಲೆ ಬಸ್ಸು ಓಡದಿದ್ದರೆ? ಊಹೂಂ ಅಂದರೆ ಬಸ್ಸು ಗುಜರಿಗೆ, ತಾನು ಕಂಬಳಿ ಹೊದ್ದು ಹಟ್ಟಿಗೆ. ಇದ್ದ ಬಸ್ಸುಗಳೇ ನಿಂತಿರುವಾಗ ಬೇರೆ ಯಾರು ಕೆಲಸ ಕೊಟ್ಟಾರು?

"ಏನಂದ್ರು ಸಾವ್ಕಾರ್ರು?" ಎಂದು ಕತ್ತಲಾದ ಮೇಲೆ ಮನೆ ಸೇರಿದವನನ್ನು ಜುಂಜಮ್ಮ ಕೇಳಿದಳು. ಹೇಳಿದ.

"ಅದಕ್ಯಾಕೆ ಇಷ್ಟು ಒದ್ದಾಡ್ತೀಯ? ಆಗುತ್ತೆ ಅಂದ್ರೆ ಆಗುತ್ತೆ ಅನ್ನು, ಆಗಲ್ಲ ಅಂದ್ರೆ ಆಗಲ್ಲ ಅನ್ನು."

"ಅಂಗೆ ಹೇಳೋಕೆ ಅದೇನು ಮುದ್ದೆಯೇನೇ, ಬೆಂದೈತೋ ಇಲ್ಲವೋ ಅಂತ ಮುಟ್ಟಿ ನೋಡೋಕೆ?"

"ಮುಟ್ಟಿ ನೋಡು ಮತ್ತೆ. ಬಿಚ್ಚಿ ನೋಡು. ಅದು ಬುಟ್ಟು ನನ್ನ ಮುಂದೆ ತಿರುಗಾಡ್ಬೇಡ, ತಲೆ ಸುತ್ತುತ್ತೆ."

ಮಂಗಳವಾರ ಬಸ್ಸು ಶಿರಾದಲ್ಲಿ ತಂಗುವ ದಿನ. ಜನ ಇಳಿಯುತ್ತಲೇ ಕ್ಯಾತಣ್ಣ ಬಸ್ಸನ್ನು ಬುಡೇನ್ ಸಾಬರ ಕೊಟ್ಟಿಗೆಗೆ ಒಯ್ದ. ಸಾಬರು ಮುದುಕರು. ಮೊದಲು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಬಡಿಯುತ್ತಿದ್ದವರು, ಮೋಟಾರು ಬಂದ ಮೇಲೆ ಯಾರ ಹತ್ತಿರವೂ ಕಲಿಯದೆ ಮಿಸ್ತ್ರಿಯಾದವರು. ಇಬ್ಬರೂ ಸೇರಿ ಇಂಜಿನ್ನಿನ ಮೇಲ್ಮುಚ್ಚಳ ಬಿಚ್ಚಿದರು. ಸಾಬರು ಒಂದೊಂದು ಸಿಲಿಂಡರಿನೊಳಗೂ ಬೆರಳಿಟ್ಟು, ಕಣ್ಣು ಮುಚ್ಚಿಕೊಂಡು ಸುತ್ತ ಸವರಿದರು. ಮೂರನೆಯದರಲ್ಲಿ ಬೆರಳು ನಿಂತಿತು.

"ಇಲ್ಲಿ ಮುಟ್ಟು."

ಕ್ಯಾತಣ್ಣ ಮುಟ್ಟಿದ. ಉಗುರಿಗೆ ಸಿಕ್ಕುವಂಥ ಉದ್ದನೆಯ ಗೀರು. ಪಿಸ್ಟನ್ನಿನ ರಿಂಗು ಮುರಿದು ಗೋಡೆಯನ್ನು ಗೀಚಿತ್ತು. ಉಳಿದವೂ ಸವೆದು ಸಡಿಲಾಗಿದ್ದವು.

"ಹೊಸ ರಿಂಗು ಹಾಕಿದ್ರೆ, ಸಾಬ್ರೆ?"

"ಎಲ್ಲಿಂದ ತರ್ತೀಯಾ? ಸಾಮಾನು ತರೋ ಹಡಗೆಲ್ಲ ಲಡಾಯಿಗೆ ಹೋಗಿದಾವೆ. ಮುರಿದಿದ್ದು ತೆಗೆದು ಹಳೇದು ಒಂದು ಹಾಕಿಕೊಡ್ತೀನಿ. ಸದ್ದು ಕಮ್ಮಿ ಆಗ್ತದೆ, ತಾಕತ್ತು ಬರಲ್ಲ." ಸಾಬರು ಕೈ ಒರೆಸಿಕೊಂಡರು. "ಕೇಳು ಬೇಟಾ. ಇದ್ದಲು ಗ್ಯಾಸಿಗೆ ಪೆಟ್ರೋಲಿನ ಜೋರಿಲ್ಲ. ಒಳ್ಳೇ ಇಂಜಿನ್ನೇ ಮೂರಲ್ಲಿ ಒಂದು ಪಾಲು ತಾಕತ್ತು ಕಳ್ಕೊಳ್ತದೆ. ಇದು ಆಗಲೇ ಒಂದು ಪಾಲು ಕಳ್ಕೊಂಡು ಕೂತದೆ."

"ಅಂದ್ರೆ ಓಡಲ್ವಾ?"

"ಓಡಲ್ಲ ಅಂತ ನಾನೆಲ್ಲಿ ಅಂದೆ? ಸಪಾಟು ರಸ್ತೆ ಮೇಲೆ ಓಡ್ತದೆ. ಏರಿನಲ್ಲಿ ಏನ್ ಮಾಡ್ತದೋ ಅಲ್ಲಾನೇ ಬಲ್ಲ."

ಸಪಾಟು ರಸ್ತೆಯಲ್ಲಿ ಓಡುತ್ತದೆ. ಆ ಮಾತನ್ನು ಕ್ಯಾತಣ್ಣ ಬುಧವಾರವೆಲ್ಲ ಬಾಯಲ್ಲಿ ಅಡಿಕೆಯಂತೆ ಹೊರಳಿಸಿದ. ಸಾಹುಕಾರರಿಗೆ ಅಷ್ಟೇ ಹೇಳಿದರೆ ಸುಳ್ಳು ಹೇಳಿದಂತಾಗುವುದಿಲ್ಲ. ಮಿಡಿಗೇಶಿಯ ಏರಿನ ಮಾತನ್ನು ಅವರಾಗಿ ಕೇಳಿದರೆ ನೋಡೋಣ. ಕೇಳಲಿಕ್ಕಿಲ್ಲ, ಅವರು ಬಸ್ಸಿಗಿಂತ ಹೆಚ್ಚು ತಿರುಗಿದ್ದು ಕುದುರೆಗಾಡಿಯಲ್ಲಿ. ಹೀಗೆ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡು ಮಲಗಿದರೆ ನಿದ್ದೆ ಬಾರದು. ಬೆಳಗಾಗುವ ಹೊತ್ತಿಗೆ ಅವನಿಗೊಂದು ಉಪಾಯ ಹೊಳೆಯಿತು.

ಗುರುವಾರ ಪಾವಗಡದ ಪಾಳಿ. ಹೊರಡುವ ಮುಂಚೆ ಒಂದು ಬೇವಿನ ಮರದ ತುಂಡನ್ನು ಕೆತ್ತಿ, ಆಕ್ಸಿಲರೇಟರ್ ಪೆಡಲಿನ ಕೆಳಗೆ ಕೂರಿಸಿದ. ಎಷ್ಟೇ ಒತ್ತಿದರೂ ಪೆಡಲು ಪೂರಾ ಇಳಿಯದು. ಇಂಜಿನ್ನಿಗೆ ಮೂರರಲ್ಲಿ ಎರಡು ಪಾಲಿನ ಶಕ್ತಿಯಷ್ಟೇ ಸಿಗುವುದು. ಗ್ಯಾಸಿನಲ್ಲಿ ಹೇಗಿರುತ್ತದೋ ಹೆಚ್ಚು ಕಡಿಮೆ ಹಾಗೆ. ತನ್ನ ಕಾಲಿನ ಮೇಲೆ ತನಗೇ ನಂಬಿಕೆ ಸಾಲದೆ, ತುಂಡನ್ನು ತಂತಿ ಹಾಕಿ ಬಿಗಿದ.

ಕಂಡಕ್ಟರ್ ಶಂಕರಲಿಂಗಪ್ಪ ಬಗ್ಗಿ ನೋಡಿದ. "ಇದೇನ್ಲಾ ಕ್ಯಾತ, ಓಡೋ ಬಸ್ಸಿಗೆ ಗೂಟ ಹಾಕ್ತಾ ಇದ್ದೀಯ?"

"ಇವತ್ತೊಂದಿನ ಏನೂ ಕೇಳ್ಬೇಡ ಕಣ್ಲಾ. ಏರಿನ ಹತ್ರ ಒಂದು ಕಲ್ಲು ಹಿಡ್ಕೊಂಡು ಹಿಂದುಗಡೆ ಬಾಗಿಲಲ್ಲಿ ನಿಂತ್ಕೊ, ಸಾಕು."

ಮಧುಗಿರಿಯಿಂದ ಆಚೆ ಬಯಲಿನಲ್ಲಿ ಬಸ್ಸು ನಿಧಾನವಾಗಿಯಾದರೂ ಸಲೀಸಾಗಿ ಹೋಯಿತು. ಹಳೆಯ ರಿಂಗು ಕೂತಿದ್ದರಿಂದ ಟಕ್ ಟಕ್ ಸದ್ದೂ ಇಳಿದಿತ್ತು. ಕ್ಯಾತಣ್ಣನ ಎದೆ ಹಗುರಾಗುತ್ತ ಬಂತು. ಒಂದು ಕಡೆ ಎತ್ತಿನ ಗಾಡಿಯನ್ನು ಹಿಂದೆ ಹಾಕಿದಾಗ ಹಾರ್ನು ಎರಡು ಸಲ ಹೊಡೆದ. ಆಗಬಹುದು, ಆಗಿಯೇ ಆಗುತ್ತದೆ ಅಂದುಕೊಂಡ.

ಏರು ಶುರುವಾಯಿತು. ಮೂರನೆಯ ಗೇರು, ಎರಡನೆಯದು, ಒಂದನೆಯದು. ಪೆಡಲು ಮರದ ತುಂಡಿಗೆ ತಗುಲಿ ನಿಂತಿತ್ತು. ಅವನು ಮತ್ತೂ ಒತ್ತಿದ. ಇಂಜಿನ್ ನಡುಗಿತು, ರೇಡಿಯೇಟರಿನ ಮುಚ್ಚಳದಿಂದ ಹಬೆ ಎದ್ದಿತು. ಅರ್ಧ ಏರಿಗೆ ಬಸ್ಸು ನಿಂತಿತು. ನಿಂತು, ಒಂದು ಗೇಣು ಹಿಂದಕ್ಕೆ ಜಾರಿತು. ಬ್ರೇಕು ಒತ್ತಿ "ಕಲ್ಲು, ಕಲ್ಲು!" ಎಂದು ಕ್ಯಾತಣ್ಣ ಕೂಗಿದ. ಶಂಕರಲಿಂಗಪ್ಪ ಧುಮುಕಿ ಚಕ್ರದ ಹಿಂದೆ ಕಲ್ಲು ತಳ್ಳಿದ.

"ಏಮಯ್ಯಾ ಡ್ರೈವರೂ, ಎಕ್ಕದಾ ಬಂಡಿ?" ಎಂದು ಪಾವಗಡದ ಕಡೆಯವನೊಬ್ಬ ತೆಲುಗಿನಲ್ಲಿ ಕೇಳಿದ, ಹತ್ತುವುದಿಲ್ಲವೇನಯ್ಯಾ ಗಾಡಿ ಎಂದು.

ಎಲ್ಲರನ್ನೂ ಇಳಿಸಬೇಕಾಯಿತು. ಬರಿದಾದ ಬಸ್ಸು ತೆವಳುತ್ತ ಮೇಲೆ ಹತ್ತಿತು. ಕ್ಯಾತಣ್ಣ ನೆತ್ತಿಯಲ್ಲಿ ಬಸ್ಸು ನಿಲ್ಲಿಸಿ ಹಿಂದಿರುಗಿ ನೋಡಿದ. ಸುಡುವ ಬಿಸಿಲಲ್ಲಿ ಜನ ಸಾಲಾಗಿ ಹತ್ತಿ ಬರುತ್ತಿದ್ದರು. ಎಲ್ಲರಿಗಿಂತ ಹಿಂದೆ ಸಿದ್ದಗಂಗಮ್ಮ ಎಂಬ ಮುದುಕಿ. ಪಾವಗಡದಾಚೆಯ ಹೊಸಕೋಟೆಯಲ್ಲಿ ಮಗಳ ಬಾಣಂತನಕ್ಕೆಂದು ಹೊರಟವಳು. ತಲೆಯ ಮೇಲೆ ಗಂಟು, ಕೈಯಲ್ಲಿ ತುಪ್ಪದ ಚೊಂಬು, ಹತ್ತು ಹೆಜ್ಜೆಗೊಮ್ಮೆ ನಿಂತು ಸೊಂಟ ಹಿಡಿದುಕೊಳ್ಳುತ್ತಿದ್ದಳು. ಕ್ಯಾತಣ್ಣ ಇಳಿದು ಓಡಿ ಗಂಟು ಇಸಿದುಕೊಂಡ.

ಮುದುಕಿ ಬೈಯಲಿಲ್ಲ. ಉಸಿರು ತಿರುಗಿದ ಮೇಲೆ ಕೇಳಿದಳು: "ಇನ್ಮೇಲೆ ದಿನಾ ಇಂಗೇನೇನಪ್ಪಾ? ಅಂಗಾದ್ರೆ ಹೇಳ್ಬುಡು, ವಾಪಸು ಬರುವಾಗ ಎತ್ತಿನ ಗಾಡಿಗೇ ಹೇಳ್ತೀನಿ."

ಕ್ಯಾತಣ್ಣ ಅವಳನ್ನು ಹತ್ತಿಸಿ, ತಂತಿ ಬಿಚ್ಚಿ, ಮರದ ತುಂಡನ್ನು ಪೊದೆಯೊಳಕ್ಕೆ ಎಸೆದ.

ಮಾರನೆಯ ದಿನ ಪಾವಗಡದಿಂದ ಹಿಂದಿರುಗಿದವನೇ ನೇರ ಮಂಡಿಗೆ ಹೋಗಿ ನಿಂತ.

"ಬೇಡಿ ಸಾವ್ಕಾರ್ರೆ. ಗ್ಯಾಸ್ ಕೂರಿಸಿದ್ರೆ ಬಯಲಲ್ಲಿ ಓಡ್ತದೆ, ಏರು ಹತ್ತಲ್ಲ. ನಿನ್ನೆ ನೋಡ್ಬುಟ್ಟೆ."

ಮಹಾಲಿಂಗಯ್ಯ ತಕ್ಕಡಿಯಿಂದ ಕಣ್ಣೆತ್ತಿ ಅವನನ್ನು ದಿಟ್ಟಿಸಿದರು. "ನೀನು ಹೂಂ ಅಂತೀಯ ಅಂತಲೇ ಇದ್ದೆ ಕಣಯ್ಯಾ. ನಿನ್ನ ಕೆಲಸ ಹೋಗುತ್ತಲ್ಲ?"

"ಹೋಗುತ್ತೆ." ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಕ್ಯಾತಣ್ಣನಿಗೆ ಸುಮ್ಮನೆ ಹೊರಡಲಾಗಲಿಲ್ಲ. ಬಾಗಿಲವರೆಗೆ ಹೋದವನು ತಿರುಗಿ ಬಂದ. "ಸಾವ್ಕಾರ್ರೆ, ಅದು ಹೊರೆ ಹೊತ್ಕೊಂಡು ಏರು ಹತ್ತೋಕೆ ಆಗಲ್ಲ, ಅಷ್ಟೆ. ನಿಂತಲ್ಲೇ ತಿರುಗು ಅಂದ್ರೆ ಇನ್ನೂ ಐದಾರು ವರ್ಷ ತಿರುಗ್ತದೆ. ಪೇಟೇಲಿರೋ ನಿಮ್ಮ ಹಿಟ್ಟಿನ ಮಿಲ್ಲು ಎಣ್ಣೆ ಸಿಗದೆ ಮುಚ್ಚಿ ಎಷ್ಟು ತಿಂಗಳಾಯ್ತು? ಹೆಂಗಸರೆಲ್ಲ ರಾಗಿ ಬೀಸಿ ಬೀಸಿ ರಟ್ಟೆ ಬಿದ್ದೋಗೈತೆ. ಈ ಇಂಜಿನ್ ಇಳಿಸಿ, ಇದ್ದಲು ಗ್ಯಾಸು ಕೊಟ್ಟು, ಬೀಸೋಕಲ್ಲಿಗೆ ಬೆಲ್ಟು ಹಾಕಿದ್ರೆ..."

ಮಹಾಲಿಂಗಯ್ಯ ತಕ್ಕಡಿ ಕೆಳಗಿಟ್ಟರು.

ಸೋಮವಾರ ಬಂದ ಬೆಂಗಳೂರಿನವನಿಗೆ ಬಸ್ಸಿನ ಬದಲು ಮಿಲ್ಲು ತೋರಿಸಿದರು. ಅವನಿಗೇನು, ಡ್ರಮ್ಮು ಎಲ್ಲಿ ನಿಂತರೂ ಡ್ರಮ್ಮೇ. ಇಂಜಿನ್ನನ್ನು ಎತ್ತಿನ ಗಾಡಿಯಲ್ಲಿ ತಂದು ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದರು. ಬಸ್ಸಿನ ಬೆಂಚುಗಳು ರಾಗಿ ತಂದ ಹೆಂಗಸರು ಕಾಯುವ ಬೆಂಚುಗಳಾದವು. ಕೆಲಸ ಹೋಗುತ್ತದೆಂದು ಅಂಜಿದ್ದ ಕ್ಯಾತಣ್ಣನೇ ಮಿಲ್ಲಿನ ಮಿಸ್ತ್ರಿಯಾದ.

ಮೊದಲ ವಾರ ಖುಷಿಯಿಂದಿದ್ದ. ಬೆಳಗ್ಗೆ ಇದ್ದಲು ತುಂಬಿ, ಗಾಳಿಯ ಚಕ್ರ ತಿರುವಿ, ಕಾಲು ಗಂಟೆ ಕಾದು, ಇಂಜಿನ್ ಎಬ್ಬಿಸಿದರೆ ಮಧ್ಯಾಹ್ನದವರೆಗೆ ಅದು ತನ್ನ ಪಾಡಿಗೆ ತಿರುಗುತ್ತಿತ್ತು. ಅದೇ ಅವನಿಗೆ ಕಷ್ಟವಾಯಿತು. ಇಂಜಿನ್ ತಿರುಗುತ್ತದೆ, ಎದುರಿನ ಗೋಡೆ ಮಾತ್ರ ಕದಲುವುದಿಲ್ಲ! ರಸ್ತೆಯಲ್ಲಿ ಮಿಲಿಟರಿ ಲಾರಿಯ ಸದ್ದು ಕೇಳಿದರೆ ಹೊರಗೋಡುವನು. ಒಂದು ದಿನ ಹಾಗೆ ಓಡಿದಾಗ ಬೆಲ್ಟು ಕಳಚಿತು. ಇನ್ನೊಂದು ದಿನ ಕಲ್ಲು ಬಿಸಿಯಾಗಿ ಹಿಟ್ಟು ಸೀದು ಹೆಂಗಸರು ಬಾಯಿ ಮಾಡಿದರು.

ಬುತ್ತಿ ತರುತ್ತಿದ್ದ ಜುಂಜಮ್ಮ ಅವನಿಲ್ಲದಾಗ ಇದ್ದಲು ಹಾಕತೊಡಗಿದಳು. ಬುಕ್ಕಾಪಟ್ಟಣದ ಕಡೆಯಿಂದ ಬರುವ ಇದ್ದಲಿನ ಚೀಲ ಬಿಚ್ಚಿ, ಎರಡು ತುಂಡು ತಾಕಿಸಿ, ಖಣ್ ಎಂದು ಸದ್ದು ಬಂದದ್ದನ್ನು ಮಾತ್ರ ಆರಿಸುವಳು. ಮೂರು ತಿಂಗಳಲ್ಲಿ ಇಂಜಿನ್ ಎಬ್ಬಿಸುವುದು, ಬೆಲ್ಟಿಗೆ ರಾಳ ಹಚ್ಚುವುದು, ಬೂದಿ ತೆಗೆಯುವುದು ಎಲ್ಲ ಅವಳ ಕೈಗೆ ಬಂತು. ಹೆಂಗಸರಿಗೂ ಅವಳೇ ಅನುಕೂಲವಾದಳು.

"ನೀನು ಇಲ್ಲಿದ್ದೂ ಇಲ್ದಂಗೆ ಕಣಯ್ಯಾ" ಎಂದಳೊಂದು ದಿನ. "ನಿಮ್ಮಣ್ಣ ಕುರಿ ಹೊಡ್ಕೊಂಡು ದೇಸಾಂತರ ಹೊಂಟವ್ನೆ. ಹೋಗು, ನಾಕು ತಿಂಗಳು ನಡ್ಕೊಂಡು ಬಾ. ಮಿಲ್ಲು ನಾನು ನೋಡ್ಕೋತೀನಿ."

"ಸಾವ್ಕಾರ್ರು ಒಪ್ಪಬೇಕಲ್ಲೇ."

"ಕೇಳಿ ಆಗೈತೆ. ಹಿಟ್ಟು ಸೀಯದಿದ್ರೆ ಸಾಕು ಅಂದ್ರು."

ಕ್ಯಾತಣ್ಣನಿಗೆ ಅವಮಾನವೂ ಆಯಿತು, ಬಿಡುಗಡೆಯೂ ಆಯಿತು. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಹೊರಟ. ಮುಂದಿನ ವರ್ಷವೂ ಹೋದ, ಅದರ ಮುಂದಿನ ವರ್ಷವೂ ಹೋದ. ಯುದ್ಧ ಮುಗಿದು, ಪೆಟ್ರೋಲು ಮೆಲ್ಲಗೆ ಸಿಗುವಂತಾಗಿ, ಮಹಾಲಿಂಗಯ್ಯನವರು ಮಿಲಿಟರಿಯವರು ಮಾರಿದ ಲಾರಿಯೊಂದನ್ನು ಕೊಂಡು ಅದಕ್ಕೆ ಬಸ್ಸಿನ ಮೈ ಕಟ್ಟಿಸಿದಾಗ, ಹಟ್ಟಿಗೆ ಹೇಳಿ ಕಳಿಸಿದರು. ಅವನು ಬಂದ ವೇಗಕ್ಕೆ ಹೇಳಿಕಳಿಸಿದ ಆಳೇ ಹಿಂದೆ ಬಿದ್ದನಂತೆ. ಜುಂಜಮ್ಮ ಮಾತ್ರ ಮಿಲ್ಲು ಬಿಡಲಿಲ್ಲ.

ಹೊಸ ಬಸ್ಸು ಕೊರಟಗೆರೆಯ ಮೇಲೆ ತುಮಕೂರಿಗೆ ಹೋಗುತ್ತಿತ್ತು. ಡ್ರೈವರನ ಹೆಂಡತಿಯಾಗಿ ಹತ್ತು ವರ್ಷವಾದರೂ ಜುಂಜಮ್ಮ ಒಮ್ಮೆಯೂ ಬಸ್ಸು ಹತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಮಿಲ್ಲಿಗೆ ಹೊಸ ಬೆಲ್ಟು ಬೇಕಾಯಿತು. ಗಂಡನ ಆಯ್ಕೆಯನ್ನು ನಂಬದೆ ತಾನೇ ಹೊರಟಳು. ಅವನ ಹಿಂದಿನ ಬೆಂಚಿನಲ್ಲಿ ಕೂತವಳು ಕೊರಟಗೆರೆ ದಾಟುವ ಮೊದಲೇ ಕಿಟಕಿಗೆ ತಲೆಯಿಟ್ಟು ನಿದ್ದೆಹೋದಳು. ಕ್ಯಾತಣ್ಣ ಕನ್ನಡಿಯಲ್ಲಿ ನೋಡಿದ. ಹಳ್ಳ ಬಂದ ಕಡೆಯೆಲ್ಲ ಬಸ್ಸನ್ನು ಮೆಲ್ಲಗೆ ಇಳಿಸಿದ. ತಡವಾಯಿತೆಂದು ಜನ ಗೊಣಗಿದರು.

ತುಮಕೂರಿನಲ್ಲಿ ಇಳಿದು ಕಣ್ಣುಜ್ಜಿಕೊಂಡು ಅವಳು ಅಂದಳು: "ಇಷ್ಟೇನಾ? ಇದಕ್ಕಾ ನೀನು ಅಷ್ಟು ಒದ್ದಾಡ್ತಿದ್ದದ್ದು?"

"ನಿದ್ದೆ ಮಾಡ್ಕೊಂಡು ಬಂದೋಳಿಗೆ ಏನು ಗೊತ್ತಾಗುತ್ತೆ?" ಎಂದವನು ಆಗಲೇ ಬೆಲ್ಟಿನ ಅಂಗಡಿಯ ಕಡೆ ದಾಪುಗಾಲು ಹಾಕುತ್ತಿದ್ದ. ಸಂತೆಯ ಜನರ ನಡುವೆ ಅವನ ಖಾಕಿ ಟೋಪಿ ಕಾಣದಾಗತೊಡಗಿತು. "ಏಯ್, ನಿಂತ್ಕೊಳ್ಳಯ್ಯಾ!" ಎಂದು ಕೂಗುತ್ತ ಜುಂಜಮ್ಮ ಸೆರಗು ಬಿಗಿದುಕೊಂಡು ಹಿಂದೆ ನಡೆದಳು.