ನೀಲಿ ಪೊಟ್ಟಣದ ಆಕಾಶ

ನಾನು ಆ ಅಂಗಡಿಗೆ ಹೋದದ್ದು ಚಿತ್ರ ಹುಡುಕಿಕೊಂಡಲ್ಲ, ಕುರ್ಚಿಯ ಕಾಲು ಹುಡುಕಿಕೊಂಡು. ಅಪ್ಪ ಕೂರುವ ಮರದ ಕುರ್ಚಿಯ ಹಿಂದಿನ ಕಾಲು ಮುರಿದಿತ್ತು. ಹೊಸದು ತರೋಣ ಅಂದರೆ ಒಪ್ಪುವ ಆಸಾಮಿಯಲ್ಲ. ಬಂಗಾರಪೇಟೆಯ ರೈಲ್ವೆ ಗೇಟಿನ ಆಚೆ ಒಂದು ಹಳೇ ಸಾಮಾನಿನ ಅಂಗಡಿಯಿದೆ. ಕೆಜಿಎಫ್‌ನ ಬಂಗಲೆಗಳಿಂದ ಇಳಿಸಿ ತಂದ ಬಾಗಿಲು, ನಿಂತುಹೋದ ಗಡಿಯಾರ, ಪಿಂಗಾಣಿ ಜಾಡಿ, ಎಲ್ಲ ಅಲ್ಲಿ ಗುಡ್ಡೆ ಬಿದ್ದಿರುತ್ತವೆ. ಬೆಂಗಳೂರಿನ ಹೋಟೆಲಿನವರು ಬಂದು ಅವನ್ನೇ ಕಣ್ಣಿಗೊತ್ತಿಕೊಂಡು ಒಯ್ಯುತ್ತಾರೆ. ನಮ್ಮ ಮನೆಯಲ್ಲಿ ಇದ್ದಾಗ ಅದೆಲ್ಲ ಹಳೇ ತಟ್ಟುಮುಟ್ಟು, ಅವರ ಮನೆ ಸೇರಿದ ಮೇಲೆ ಆಂಟಿಕ್ಕು.

ಅಂಗಡಿಯವನು ಕಾಲು ಹುಡುಕಲು ಒಳಗೆ ಹೋದ. ನಾನು ಸುಮ್ಮನೆ ನಿಂತವಳು ಗೋಡೆ ನೋಡಿದೆ.

ತೇಗದ ಫ್ರೇಮು ಹಾಕಿದ ದೊಡ್ಡ ಚಿತ್ರ. ಕೆಜಿಎಫ್‌ನ ಊರಿಗಾಂನಲ್ಲಿ ಗಣಿ ಕೆಲಸದವರ ಲೈನ್ ಮನೆಗಳ ಸಾಲು, ಹಿಂದೆ ಚಿನ್ನ ತೆಗೆದುಳಿದ ಪುಡಿಮಣ್ಣಿನ ಸಯನೈಡ್ ಗುಡ್ಡ, ಅದರ ಪಕ್ಕ ಗಣಿಬಾಯಿಯ ಎತ್ತರದ ಕಬ್ಬಿಣದ ಗೋಪುರ. ಮುಂದೆ ಬೀದಿ ನಲ್ಲಿ, ನಲ್ಲಿಯ ಮುಂದೆ ಕೊಡ ಹಿಡಿದ ಹೆಂಗಸರು, ತಗಡಿನ ಮಾಡಿನ ಮೇಲೆ ಒಂದು ಮೇಕೆ. ಆ ಮೇಕೆ ನಮ್ಮ ಪಕ್ಕದ ಮನೆಯದು. ಸಾಲಿನಲ್ಲಿ ಮೂರನೆಯವಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯಾರನ್ನೋ ಬೈಯುತ್ತಿರುವವಳು, ನಮ್ಮಮ್ಮ.

ಅದು ಅಪ್ಪ ಬರೆದ ಚಿತ್ರ. ಅದನ್ನು ಗುಜರಿಗೆ ಹಾಕಿದವಳು ನಾನು.

ಅಪ್ಪ ಕಲಾವಿದನಲ್ಲ. ಗಣಿಯಲ್ಲಿ ಬೋರ್ಡು ಬರೆಯುವ ಕೆಲಸ. ‘ಅಪಾಯ’ ಅಂತ ಮೂರು ಭಾಷೆಯಲ್ಲಿ ಬರೆದು ಕೆಳಗೆ ತಲೆಬುರುಡೆ ಹಾಕುವುದು, ಅದಿರಿನ ತೊಟ್ಟಿಗಳಿಗೆ ನಂಬರು ಬರೆಯುವುದು, ಕಬ್ಬಿಣಕ್ಕೆ ಕೆಂಪು ಬಳಿಯುವುದು. ಅವನ ತಲೆಬುರುಡೆಗಳು ಸ್ವಲ್ಪ ನಗುತ್ತಿದ್ದವು. ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡೂ ಇದ್ದ. ನನಗೆ ಹತ್ತು ವರ್ಷವಿರಬೇಕು, ಒಂದು ಭಾನುವಾರ ಇದ್ದಕ್ಕಿದ್ದ ಹಾಗೆ ನಮ್ಮ ಲೈನಿನ ಚಿತ್ರ ಬರೆಯುತ್ತೇನೆ ಅಂತ ಕೂತ. ಅದಕ್ಕೆ ಬಟ್ಟೆ ಎಲ್ಲಿಂದ ತರುವುದು? ಗಣಿಯೊಳಗೆ ಗಾಳಿ ತಿರುಗಿಸಲು ಪರದೆಯ ಹಾಗೆ ಕಟ್ಟುತ್ತಿದ್ದ ದಪ್ಪ ಗೋಣಿಬಟ್ಟೆ, ಡಾಂಬರಿನ ವಾಸನೆಯದು, ಹರಿದದ್ದೊಂದು ತುಂಡು ಬಿದ್ದಿತ್ತಂತೆ. ಗೇಟಿನಲ್ಲಿ ಮೈ ತಡವಿ ತಪಾಸಣೆ ಮಾಡುತ್ತಿದ್ದ ಕಾಲ ಅದು, ಒಂದು ಮೊಳೆ ಹೊರಗೆ ತರುವ ಹಾಗಿರಲಿಲ್ಲ. ಆ ಹರಕು ಬಟ್ಟೆಗೆ ಚೀಟಿ ಬರೆಸಿಕೊಳ್ಳಲು ಅಪ್ಪ ಮೂರು ವಾರ ಮೇಸ್ತ್ರಿಯ ಹಿಂದೆ ಅಲೆದ.

ಬಣ್ಣ ಇದ್ದದ್ದು ನಾಲ್ಕೇ. ಕಬ್ಬಿಣದ ಕೆಂಪು, ಅಕ್ಷರದ ಕಪ್ಪು, ಬೋರ್ಡಿನ ಬಿಳಿ, ಬಾಗಿಲಿನ ಹಸಿರು. ಡಬ್ಬದ ತಳದಲ್ಲಿ ಉಳಿದದ್ದನ್ನು ಕೆರೆದು ಕೊಡುತ್ತಿದ್ದರು. ನಮ್ಮ ಲೈನಿನ ಬಾಗಿಲುಗಳೆಲ್ಲ ಅದೇ ಹಸಿರು. ಹಾಗಾಗಿ ಚಿತ್ರದಲ್ಲಿ ಬೇವಿನ ಮರವೂ ಅದೇ ಹಸಿರು, ಪಂಜರದ ಗಿಳಿಯೂ ಅದೇ ಹಸಿರು, ಅಮ್ಮನ ಸೀರೆಯೂ ಅದೇ ಹಸಿರು. ತನ್ನ ಹತ್ತಿರ ಅಂಥ ಸೀರೆ ಇಲ್ಲವೇ ಇಲ್ಲ ಅಂತ ಅಮ್ಮ ಜಗಳಕ್ಕೇ ಬಂದಿದ್ದಳು.

ನೀಲಿ ಮಾತ್ರ ಇರಲಿಲ್ಲ. ಗಣಿಗೆ ನೀಲಿ ಬಣ್ಣ ಯಾಕೆ ಬೇಕು? ಆಗ ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ: "ಓಗವ್ವ, ಬಟ್ಟೆಗ್ ಆಕೋ ನೀಲಿ ಒಂದ್ ಪೊಟ್ಟಣ ತಕಂಬಾ. ಅಮ್ಮಂಗ್ ಯೋಳ್ಬೇಡ."

ಅಮ್ಮನಿಗೆ ಹೇಳುವ ಹಾಗಿರಲಿಲ್ಲ, ಯಾಕಂದರೆ ಆ ನೀಲಿ ಅಪ್ಪನ ಬಿಳಿ ಪಂಚೆಗೆ ಅಂತ ಲೆಕ್ಕ. ನಾನು ಓಡಿಹೋಗಿ ತಂದೆ. ಆ ಪುಡಿಯನ್ನು ಬೋರ್ಡಿನ ಬಿಳಿಗೆ ಕಲಸಿ ಅಪ್ಪ ಆಕಾಶ ಬಳಿದ. ಸಾಲಲಿಲ್ಲ, ಮತ್ತೆ ಓಡಿದೆ. ಎಷ್ಟು ಭಾನುವಾರ, ಎಷ್ಟು ಪೊಟ್ಟಣ, ನೆನಪಿಲ್ಲ. ನನ್ನ ಬೆರಳೆಲ್ಲ ನೀಲಿಯಾಗಿ ಸ್ಕೂಲಿನಲ್ಲಿ ಬೈಸಿಕೊಂಡದ್ದು ನೆನಪಿದೆ. ಅಮ್ಮನಿಗೆ ಎಲ್ಲ ಗೊತ್ತಿತ್ತು ಅಂತ ಕಾಣುತ್ತದೆ, ಆ ತಿಂಗಳೆಲ್ಲ ಅಪ್ಪ ಹಳದಿ ಬಡಿದ ಪಂಚೆಯನ್ನೇ ಉಟ್ಟುಕೊಂಡು ಓಡಾಡಿದ. ಎಂಥ ಆಕಾಶ ಅದು! ಅಷ್ಟು ನೀಲಿ ಊರಿಗಾಂನ ಮೇಲೆ ಯಾವತ್ತೂ ಇರಲಿಲ್ಲ. ಗಾಳಿ ಎದ್ದರೆ ಸಯನೈಡ್ ಗುಡ್ಡದ ಬೂದು ಧೂಳೇ ನಮಗೆ ಆಕಾಶ.

ಚಿತ್ರವನ್ನು ಬಾಗಿಲ ಮೇಲೆ ನೇತುಹಾಕಿದರು. ನೆಲದಡಿ ಬಂಡೆ ಸಿಡಿದು ಮನೆ ನಡುಗಿದಾಗಲೆಲ್ಲ ಅದು ಸೊಟ್ಟಗಾಗುತ್ತಿತ್ತು. ಅಮ್ಮ ಮೊದಲು ಪಾತ್ರೆ ನೋಡಿ, ಆಮೇಲೆ ಪೊರಕೆಯ ಹಿಡಿಯಿಂದ ಅದನ್ನು ನೆಟ್ಟಗೆ ಮಾಡುತ್ತಿದ್ದಳು.

ಗಣಿ ಮುಚ್ಚಿದ ಮೇಲೆ ಅಪ್ಪ ಅಮ್ಮನನ್ನು ಬಂಗಾರಪೇಟೆಗೆ ಕರೆತರಲು ನಾನೇ ಲಾರಿ ಮಾಡಿಕೊಂಡು ಹೋದೆ. ಆಗ ನಾನು ಇಲ್ಲಿನ ಸ್ಕೂಲಿನಲ್ಲಿ ಟೀಚರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆವತ್ತು ಬಿಸಿಲು ಬೇರೆ, ಲಾರಿಯವನ ಗೊಣಗಾಟ ಬೇರೆ. ಸಾಮಾನೆಲ್ಲ ಏರಿಸಿದ ಮೇಲೆ ನೋಡಿದರೆ ಅಪ್ಪ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾನೆ. ಎಲ್ಲಿಡುವುದು ಅಂತ ಕೇಳಿದ. ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ: "ಬೋರ್ಡ್ ಬರೆಯೋನ ಚಿತ್ರ, ಇದಕ್ಕೇನು ಬೆಲೆ ಅಂತ ಹೊತ್ಕೊಂಡು ಬರ್ತೀಯ?" ಅವನ ಕೈಯಿಂದ ಕಿತ್ತು ಗುಜರಿಯವನ ಗಾಡಿಗೆ ಹಾಕಿದೆ, ತೂತು ಬಿದ್ದ ಬಕೆಟ್ಟಿನ ಮೇಲೆ.

ಅಪ್ಪ ಲಾರಿ ಹತ್ತಿ ಒರಳುಕಲ್ಲಿನ ಪಕ್ಕ ಕೂತ. ಬಂಗಾರಪೇಟೆ ಬರುವವರೆಗೂ ಮಾತಿಲ್ಲ. ಮಾರನೆಯ ದಿನ ಕಾಫಿ ಆಯಿತೇ ಅಂತ ಕೇಳಿದ, ಅಷ್ಟೇ. ಅಮ್ಮ ತೀರಿಹೋದಳು, ನಾನು ರಿಟೈರಾದೆ, ಅಪ್ಪನಿಗೆ ಎಂಬತ್ತೈದು ದಾಟಿತು. ಒಂದು ಸಲವೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಈಗೀಗ ಅವನಿಗೆ ಹಿಂದು ಮುಂದು ಕಲಸಿಹೋಗುತ್ತದೆ. ಬೆಳಿಗ್ಗೆ ಎದ್ದು ಗಣಿಯ ಸೈರನ್ ಕೂಗಿತಾ ಅಂತ ಕೇಳುತ್ತಾನೆ. ಕೆಲವು ದಿನ ನಾನು ಯಾರು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕು. ತಪ್ಪಾಯಿತು ಅಂತ ಹೇಳುವುದಾದರೆ ಅವನಿಗೆ ಅರ್ಥವಾಗುವಾಗಲೇ ಹೇಳಬೇಕು, ಇನ್ನು ಹೆಚ್ಚು ದಿನ ಇಲ್ಲ ಅನ್ನುವುದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಅಂಗಡಿಯವನು ಕುರ್ಚಿಯ ಕಾಲು ಹಿಡಿದು ಬಂದ. ನಾನು ಏನೂ ತಿಳಿಯದವಳ ಹಾಗೆ ಚಿತ್ರದ ಬೆಲೆ ಕೇಳಿದೆ. ಅವನು ನಕ್ಕ. "ಅದು ನಿಮ್ಗೆ ನಮ್ಗೆ ಅಲ್ಲ ಮೇಡಮ್ಮ. ದೊರೆ ಬರ್ದಿರೋದು. ಲಕ್ಷದ ಮಾತೈತೆ." ಊರಿಗಾಂನ ಬಂಗಲೆಯೊಂದನ್ನು ಖಾಲಿ ಮಾಡುವಾಗ ಸಿಕ್ಕಿತಂತೆ. ಪಡುವಣ ಕಿಟಕಿಯ ಎದುರಿಗಿನ ಗೋಡೆಯಲ್ಲಿ ಇಪ್ಪತ್ತು ವರ್ಷದಿಂದ ನೇತಾಡುತ್ತಿತ್ತಂತೆ. ಆ ಗುಜರಿಯವನಿಂದ ಬಂಗಲೆಯವರು ಯಾರೋ ಕೊಂಡು ಫ್ರೇಮು ಹಾಕಿಸಿರಬೇಕು. ಬಂಗಲೆಯಲ್ಲಿ ಸಿಕ್ಕಿದ ಮೇಲೆ ಇಂಗ್ಲಿಷಿನವರು ಬರೆದದ್ದಲ್ಲದೆ ಇನ್ಯಾರು ಬರೆದಾರು ಅಂತ ಅವನ ತರ್ಕ. ಬರುವ ಭಾನುವಾರ ಬೆಂಗಳೂರಿನಿಂದ ಬೆಲೆ ಕಟ್ಟುವವರು ಬರುತ್ತಾರೆ ಅಂದ.

ಮನೆಗೆ ಬಂದವಳಿಗೆ ನಿದ್ದೆಯಿಲ್ಲ, ಊಟ ಸೇರದು. ದೊರೆಯ ಚಿತ್ರ ಅಂತಾದರೆ ನನ್ನ ಪೆನ್ಷನ್ನಿನಲ್ಲಿ ಅದರ ಮೊಳೆಯೂ ಬರುವುದಿಲ್ಲ. ಅಪ್ಪನದು ಅಂತಾದರೆ ಬೆಲೆ ಬಿದ್ದು ನನಗೆ ಸಿಗಬಹುದು. ಅಂದರೆ ಇದು ಬೋರ್ಡು ಬರೆಯುವವನ ಚಿತ್ರ, ಇದಕ್ಕೆ ಬೆಲೆಯಿಲ್ಲ ಅಂತ ನಾನೇ ಮತ್ತೊಂದು ಸಲ ಬಾಯಿಬಿಟ್ಟು ಹೇಳಬೇಕು. ಲಾರಿಯ ಮುಂದೆ ಒಮ್ಮೆ ಅಂದದ್ದು ಸಾಲದೆ ಹೋಯಿತೇನೋ. ಬಾಯಿಗೆ ಬೀಗ ಹಾಕಿಕೊಂಡು ನೋಡೋಣ, ಅವರೇ ಕಂಡುಹಿಡಿದರೆ ಹಿಡಿಯಲಿ ಅಂದುಕೊಂಡು ಭಾನುವಾರ ಹೋದೆ.

ಬಂದವನು ಮೂವತ್ತೈದರ ಆಸುಪಾಸಿನವನು, ಖಾದಿ ಜುಬ್ಬ, ಮರ್ಯಾದಸ್ಥ. ಭೂತಗನ್ನಡಿ ಹಿಡಿದು ಚಿತ್ರವನ್ನು ಮೂಲೆ ಮೂಲೆ ನೋಡಿದ. ನಲ್ಲಿಯ ಹತ್ತಿರ ತುಂಬ ಹೊತ್ತು ನಿಂತ. ಯಾವ ಕೊಡ ತುಂಬಿದೆ, ಯಾವುದು ಖಾಲಿ ಅಂತ ಹೆಂಗಸರ ಸೊಂಟ ನೋಡಿದರೇ ಗೊತ್ತಾಗುತ್ತದೆ, ಬರೆದವನ ಕೈ ಬಲವಾಗಿದೆ ಅಂದ. ನನಗೆ ಒಳಗೊಳಗೇ ಹಿಗ್ಗು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

"ಆಕಾಶ ನೋಡಿ, ಎಂಥ ಬೂದು," ಅಂದ. "ನಮ್ಮವರು ಬರೆದಿದ್ದರೆ ನೀಲಿ ಬಳಿದುಬಿಡುತ್ತಿದ್ದರು. ಗಣಿಯ ಧೂಳನ್ನು ಆಕಾಶದಲ್ಲಿ ಕಂಡವನು ಹೊರಗಿನಿಂದ ಬಂದವನೇ."

ನನಗೆ ಮೈಯೆಲ್ಲ ಉರಿದುಹೋಯಿತು. ಆವರೆಗೆ ನಾನು ಆಕಾಶವನ್ನೇ ಸರಿಯಾಗಿ ನೋಡಿರಲಿಲ್ಲ, ಅಮ್ಮನನ್ನು ನೋಡುತ್ತಿದ್ದೆ. ಹೌದು, ಬೂದು. ಇಪ್ಪತ್ತು ವರ್ಷದ ಸಂಜೆ ಬಿಸಿಲು ಅಷ್ಟೂ ಪೊಟ್ಟಣಗಳನ್ನು ಕುಡಿದುಬಿಟ್ಟಿತ್ತು.

"ಅದು ನೀಲಿ ಆಕಾಶ," ಅಂದೆ. "ಅದಕ್ಕೆ ನೀಲಿ ತಂದುಕೊಟ್ಟವಳು ನಾನು. ಫ್ರೇಮು ಬಿಚ್ಚಿ ನೋಡಿ."

ಅಂಗಡಿಯವನು ಊಹೂಂ ಅಂದ, ಫ್ರೇಮು ಹಾಳಾಗುತ್ತದೆ ಅಂದ. ಬೆಲೆ ಕಟ್ಟುವವನು ಮಾತ್ರ ನನ್ನ ಮುಖವನ್ನೇ ಒಂದು ಕ್ಷಣ ನೋಡಿ ಸ್ಕ್ರೂಡ್ರೈವರ್ ಕೇಳಿದ. ಫ್ರೇಮು ಕಳಚಿ ಬಂತು. ಬಿಸಿಲು ತಾಗದೆ ಮರದಡಿ ಉಳಿದಿದ್ದ ಅಂಚು, ಒಂದು ಬೆರಳಗಲ, ಆಕಾಶದ ಮೂರೂ ಕಡೆ ನೀಲಿ. ಅಂಗಡಿಯಿಂದ ಈಗ ತಂದ ಹಾಗೆ ಇತ್ತು. ನನಗೆ ಅಳು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಹಿಡಿದೆ.

ಆಮೇಲೆ ಎಲ್ಲ ಹೇಳಿದೆ. ನಾಲ್ಕು ಬಣ್ಣ, ಬಾಗಿಲು ಗಿಳಿ ಸೀರೆಗೆಲ್ಲ ಒಂದೇ ಹಸಿರು ಯಾಕೆ, ಬಟ್ಟೆ ಯಾವುದು. ಅವನು ಬಟ್ಟೆಯ ಹಿಂಬದಿ ಮೂಸಿ ನೋಡಿ ತಲೆಯಾಡಿಸಿದ. ತಪ್ಪು ತನ್ನದು ಅಂತ ಒಪ್ಪಿಕೊಂಡ. ಹಾಗಾದರೆ ಮಾರ್ಕೆಟ್ಟಿನಲ್ಲಿ ಇದಕ್ಕೆ ಬೆಲೆಯಿಲ್ಲ, ಬರುವುದಿದ್ದರೆ ತೇಗದ ಫ್ರೇಮಿಗೆ ನಾಲ್ಕು ಕಾಸು ಬಂದೀತು ಅಂತಲೂ ಅಂದ.

ನಾನು ಬಯಸಿದ್ದೂ ಅದೇ ಮಾತು, ಆದರೂ ತಡೆಯಲಾಗಲಿಲ್ಲ. ಈಗ ತಾನೇ ಕೊಡ ತುಂಬಿದೆ ಅಂದಿರಲ್ಲ ಸ್ವಾಮಿ, ಬರೆದವನು ಬದಲಾದ ಕೂಡಲೇ ಖಾಲಿಯಾಗಿಬಿಟ್ಟವೇ ಅಂತ ಕೇಳಿದೆ. ಅವನ ಮುಖ ಸಣ್ಣಗಾಯಿತು. ತಾನು ಬೆಲೆ ಕಟ್ಟುವುದು ಹೆಸರಿಗೆ, ಕೊಡಕ್ಕಲ್ಲ ಅಂತ ಮೆಲ್ಲಗೆ ಹೇಳಿದ. ಪಾಪ, ಒಳ್ಳೆಯವನೇ. ಹೋಗುವ ಮುಂಚೆ ಬರೆದವರು ಇದ್ದಾರಾ ಅಂತ ಕೇಳಿದ, ಇದ್ದಾರೆ ಅಂದೆ. ಅವರಿಗೆ ನನ್ನ ನಮಸ್ಕಾರ ಹೇಳಿ ಅಂದ.

ಅಂಗಡಿಯವನು ನನ್ನ ಕಡೆ ತಿರುಗಿದ. "ಬಾಯ್ ಮುಚ್ಕಂಡ್ ಇರಕ್ಕಾಗ್ಲಿಲ್ವಾ ಮೇಡಮ್ಮ ನಿಮ್ಗೆ?" ಅವನ ಲಕ್ಷ ಹೋಗಿತ್ತು. ತಲೆ ತಗ್ಗಿಸಿ ನಿಂತೆ. ಅವನು ಸ್ವಲ್ಪ ಹೊತ್ತು ಫ್ರೇಮು ಒರೆಸಿದ, ಮತ್ತೆ ಒರೆಸಿದ, ಆಮೇಲೆ ಬಟ್ಟೆಯನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟ. ಅವನ ಅಪ್ಪನೂ ಊರಿಗಾಂ ಗಣಿಯಲ್ಲೇ, ಅದಿರು ಅರೆಯುವ ಮಿಲ್ಲಿನಲ್ಲಿ, ಇದ್ದವನಂತೆ. ದುಡ್ಡು ಬೇಡ ಅಂದ. ಕುರ್ಚಿಯ ಕಾಲಿಗೆ ಮಾತ್ರ ಎರಡರಷ್ಟು ಕಿತ್ತುಕೊಂಡ.

ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದ. ಒಳಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಬಟ್ಟೆ ಬಿಡಿಸಿ, ಸುರುಳಿಯಾಗದ ಹಾಗೆ ನಾಲ್ಕು ಮೂಲೆಗೂ ಲೋಟ ಇಟ್ಟೆ. ಅವನು ಬಗ್ಗಿ ನೋಡತೊಡಗಿದ. ಇಷ್ಟು ವರ್ಷ ಗಂಟಲಲ್ಲೇ ಇದ್ದದ್ದನ್ನು ಹೇಳಿದೆ. ಅಪ್ಪಾ, ಆವತ್ತು ಇದನ್ನ ಗುಜರಿಗೆ ಹಾಕಿದ್ದು ನಾನು, ಬೆಲೆ ಇಲ್ಲ ಅಂದದ್ದೂ ನಾನು, ತಪ್ಪಾಯಿತು ಅಂದೆ. ಅವನು ಕೇಳಿಸಿಕೊಂಡನೋ ಇಲ್ಲವೋ. ಅಮ್ಮನ ಹಸಿರು ಸೀರೆಯನ್ನು ಮುಟ್ಟಿದ. ಮೇಕೆಯನ್ನು ಮುಟ್ಟಿದ. ಬೂದು ಆಕಾಶದ ಮೇಲೆ ಹೆಬ್ಬೆರಳು ಉಜ್ಜಿ, ಅಂಚಿನ ನೀಲಿಯನ್ನು ನೋಡಿ, ಹುಬ್ಬು ಗಂಟಿಕ್ಕಿದ.

ಆಮೇಲೆ ತಲೆಯೆತ್ತಿ ಬಾಗಿಲ ಕಡೆ ಒಂದು ಸಲ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದ.

"ನೀಲಿ ಸಾಲ್ದು ಕಣವ್ವ. ಓಗಿ ಇನ್ನೊಂದ್ ಪೊಟ್ಟಣ ತಕಂಬಾ. ಅಮ್ಮಂಗ್ ಯೋಳ್ಬೇಡ."

ಹೇಳಲ್ಲ ಅಪ್ಪ ಅಂದೆ. ಚಪ್ಪಲಿ ಮೆಟ್ಟಿಕೊಂಡು ಬೀದಿ ಕೊನೆಯ ಅಂಗಡಿಗೆ ಹೊರಟೆ. ಈಗ ನೀಲಿ ಬಾಟಲಿಯಲ್ಲಿ ಬರುತ್ತದೆ, ಪೊಟ್ಟಣ ಯಾರೂ ಇಡುವುದಿಲ್ಲ. ಆದರೂ ಅಂಗಡಿ ಅಂಗಡಿ ಕೇಳಿಕೊಂಡು ಸ್ಟೇಷನ್ನಿನವರೆಗೂ ಹೋದೆ.