ನಡೆಸದೆ ಕಳಿಸಿದ ಊರುಗೋಲು

ನಮ್ಮ ಮಾವ ಊರುಗೋಲು ಮಾಡುತ್ತಾರೆ. ಮಾವ ಎಂದರೆ ನನ್ನ ಗಂಡನ ಅಪ್ಪ. ಮೊದಲು ಕುರ್ಚಿ ಮಾಡುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಅದು ನಿಂತುಹೋಯಿತು. ಕುರ್ಚಿಗೆ ಕಾಲು ಮಾಡಿದವನಿಗೆ ಮನುಷ್ಯನಿಗೆ ಮೂರನೇ ಕಾಲು ಮಾಡುವುದೇನು ಮಹಾ ಎಂದು ಅವರೇ ಹೇಳುತ್ತಾರೆ. ಕೆಲಸ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ, ಮಾರಾಟ ಆನ್‌ಲೈನಿನಲ್ಲಿ. ಫೋಟೊ ತೆಗೆಯುವುದು, ಆರ್ಡರ್ ನೋಡುವುದು, ಗಿರಾಕಿಗಳ ಬಾಯಿಗೆ ಬೀಳುವುದು ನನ್ನ ಪಾಲು. ಯಾರೂ ನನ್ನ ತಲೆಗೆ ಕಟ್ಟಿದ್ದಲ್ಲ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವಳು ನಾನೇ.

ಮಾವನದೊಂದು ಪದ್ಧತಿಯಿದೆ. ಯಾವ ಕೋಲನ್ನೂ ಅವರು ನಡೆಸದೆ ಕಳಿಸುವುದಿಲ್ಲ. ನಡೆಸುವುದೆಂದರೆ, ಆ ಕೋಲನ್ನೇ ಊರಿಕೊಂಡು ಮನೆಯಿಂದ ಕೊರಿಯರ್ ಆಫೀಸಿನವರೆಗೆ ಹೋಗುವುದು. ಇಳಿಜಾರು, ಕಲ್ಲು, ಚರಂಡಿಯ ಮೇಲಿನ ಚಪ್ಪಡಿ, ಎಲ್ಲ ಆ ದಾರಿಯಲ್ಲಿವೆ. ಆಫೀಸಿನಲ್ಲಿ ತುದಿಯ ಹಳೆಯ ರಬ್ಬರ್ ಕಿತ್ತು ಹೊಸದು ಹಾಕಿ, ಅಲ್ಲೇ ಕಾಗದ ಸುತ್ತಿ, ವಿಳಾಸ ಅಂಟಿಸಿ, ಕೈಬೀಸಿಕೊಂಡು ವಾಪಸ್ ಬರುತ್ತಾರೆ. ಅಳತೆ ಗಿರಾಕಿಯದಾದ್ದರಿಂದ ಮಾವನ ನಡಿಗೆಯೂ ಅವತ್ತು ಗಿರಾಕಿಯದೇ. ಕುಳ್ಳಗಿರುವವರ ಕೋಲಾದರೆ ಬಗ್ಗಿ ಹೋಗುತ್ತಾರೆ, ಎತ್ತರದವರದಾದರೆ ಭುಜ ಎತ್ತಿಕೊಂಡು ಹೋಗುತ್ತಾರೆ. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ, "ಇವತ್ತು ಯಾರೋ ಗಿಡ್ಡಮ್ಮನಿಗೆ ಹೊರಟಿದೆ" ಎನ್ನುತ್ತಾನೆ. ಅವನು ಹೇಳಿದ್ದು ತಪ್ಪಿದ್ದು ನಾನು ನೋಡಿಲ್ಲ.

ಹೀಗಿರುವಾಗ ಒಂದು ದಿನ ಶೆಡ್ಡಿನಲ್ಲಿ ಹಲಗೆ ಜಾರಿ ಮಾವನ ಮಂಡಿಯ ಮೇಲೆ ಬಿತ್ತು. ಮಂಡಿ ಊದಿ ತೆಂಗಿನಕಾಯಿಯಷ್ಟಾಯಿತು. ಅವತ್ತೇ ಒಂದು ಕೋಲು ಕಳಿಸಬೇಕಿತ್ತು. ನಾಲ್ಕು ದಿನ ತಡೆಯಿರಿ, ಕಾಲು ಸರಿಹೋಗಲಿ ಎಂದರು ಮಾವ. ನನ್ನ ಗಂಡ ಕೇಳಲಿಲ್ಲ. "ಒಂದ್ಸಲ ನಡೆಸದೇ ಇದ್ರೆ ಏನು ಗಂಟು ಹೋಗುತ್ತಪ್ಪಾ?" ಎಂದು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು. ಕೋಲು ಮಾವನ ತೊಡೆಯ ಮೇಲೆ ಅಡ್ಡಡ್ಡ ಮಲಗಿಕೊಂಡು ಹೋಯಿತು.

ಮಂಡಿಯ ಊತ ಇಳಿಯಿತು. ಮಾವನ ತಲೆಯಿಂದ ಆ ಕೋಲು ಇಳಿಯಲಿಲ್ಲ. ಊಟಕ್ಕೆ ಕೂತರೆ "ಅದನ್ನ ನಡೆಸ್ಲಿಲ್ಲ" ಎನ್ನುವರು. ಟೀವಿ ನೋಡುತ್ತಾ ನೋಡುತ್ತಾ "ಹಿಡಿಗೆ ಹೊಡೆದ ಬೆಣೆ ಸ್ವಲ್ಪ ಹಸಿ ಇತ್ತೇನೋ" ಎನ್ನುವರು. ಆ ಗಿರಾಕಿಗೆ, ಕೋಲು ಹೇಗಿದೆ ದಯವಿಟ್ಟು ತಿಳಿಸಿ ಎಂದು ನನ್ನ ಕೈಯಲ್ಲಿ ಎರಡೆರಡು ಸಲ ಬರೆಸಿದರು. ಗೋಡೆಗೆ ಹೇಳಿದ ಹಾಗಾಯಿತು.

ಅಷ್ಟರಲ್ಲಿ ನಮಗೆ ಶುಕ್ರದೆಸೆ ತಿರುಗಿತು. ಒಂದು ಬೆಳಿಗ್ಗೆ ಫೋನ್ ತೆರೆದರೆ ಬಾಯಿಯೇ ಬಿಡದಿದ್ದ ಗಿರಾಕಿಗಳೆಲ್ಲ ಒಟ್ಟಿಗೆ ಬಾಯಿ ಬಿಟ್ಟಿದ್ದಾರೆ! ಪ್ರತಿಯೊಬ್ಬರದೂ ಐದು ಸ್ಟಾರ್. ನಮ್ಮ ಹೆಸರಿನ ಪಕ್ಕದಲ್ಲಿ 'ನಂಬಿಕಸ್ಥ ಮಾರಾಟಗಾರ' ಎಂಬ ಹಸಿರು ಗುರುತು ಬಂದು ಕೂತಿದೆ. ಅದಕ್ಕಾಗಿ ನಾನು ಎಷ್ಟು ಒದ್ದಾಡಿದ್ದೆನೋ ನನಗೇ ಗೊತ್ತು. ಹಿಂದೊಬ್ಬ ಪುಣ್ಯಾತ್ಮ, ಕೋಲು ಬರುವಷ್ಟರಲ್ಲಿ ಅಪ್ಪ ತೀರಿಕೊಂಡರು ಎಂದು ಬರೆದು ಒಂದೇ ಸ್ಟಾರ್ ಕೊಟ್ಟಿದ್ದ. ಅದರಿಂದ ನಮಗೆ ಮೇಲೇಳಲೇ ಆಗಿರಲಿಲ್ಲ. ನಾನು ಕುಣಿದುಕೊಂಡು ಶೆಡ್ಡಿಗೆ ಹೋಗಿ ಎಲ್ಲವನ್ನೂ ಓದಿ ಹೇಳಿದೆ.

"ವಸ್ತು ಚೆನ್ನಾಗಿದೆ, ಧನ್ಯವಾದ. ವಸ್ತು ಚೆನ್ನಾಗಿದೆ, ಧನ್ಯವಾದ. ವಸ್ತು ಚೆನ್ನಾಗಿದೆ…"

ಮಾವ ಉಜ್ಜುಕಾಗದ ಕೆಳಗಿಟ್ಟರು. "ಇವರೆಲ್ಲ ಒಂದೇ ಮನೆಯವರೇನಮ್ಮಾ?"

ಆಗ ನಾನು ಆನ್‌ಲೈನ್ ಕಂಪನಿಯವರ ಹೊಸ ನಿಯಮ ಓದಿದೆ. ಗಿರಾಕಿ ಕೆಲವು ದಿನ ಏನೂ ಹೇಳದಿದ್ದರೆ ಅವರ ಪರವಾಗಿ ಕಂಪನಿಯೇ ಒಳ್ಳೆಯ ಮಾತು ಹೇಳಿಬಿಡುತ್ತದಂತೆ.

"ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ ಮಾವ, ಹಾಗೆ."

"ನಾನು ಒಂದು ದಿನ ಸುಮ್ನಿದ್ರೆ ನನ್ನ ಬದಲು ಯಾರು ಮಾತಾಡೋದು?"

"ನೀವು ಸುಮ್ನಿದ್ದದ್ದು ಯಾವಾಗ?" ಎಂದರು ಅತ್ತೆ, ಬಟ್ಟೆ ಒಣಹಾಕುತ್ತಾ.

ನಾನು ಬಿಡಲಿಲ್ಲ. ಸಿಟ್ಟು ಬಂದವನು ಬೀದಿಗೆ ಕೇಳುವಂತೆ ಕೂಗುತ್ತಾನೆ, ಸಮಾಧಾನ ಆದವನು ಹೊದ್ದು ಮಲಗುತ್ತಾನೆ, ಮಲಗಿದವರ ಲೆಕ್ಕ ಹಿಡಿಯುವುದರಲ್ಲಿ ಏನು ಅನ್ಯಾಯ ಎಂದು ವಾದಿಸಿದೆ. ಈಗಲೂ ನನಗೆ ಅದು ಅನ್ಯಾಯ ಅನ್ನಿಸುವುದಿಲ್ಲ. ಮಾವ ಎಲ್ಲ ಕೇಳಿಸಿಕೊಂಡು, "ಆ ನಡೆಸದೇ ಇದ್ದ ಕೋಲಿಗೆ?" ಎಂದರು.

ನೋಡಿದೆ. ಅದಕ್ಕೂ ಐದು ಸ್ಟಾರ್.

"ಬಿದ್ದು ಆಸ್ಪತ್ರೇಲಿ ಇರೋರೂ ಸುಮ್ನೇ ಇರ್ತಾರೆ. ಅದೊಂದು ತೆಗೆಸು" ಎಂದರು.

ಬಂದ ಹೊಗಳಿಕೆಯನ್ನು ತೆಗೆಸಬೇಕಂತೆ! ನಾನು ತಲೆ ಚಚ್ಚಿಕೊಂಡು ಕಂಪನಿಗೆ ಫೋನ್ ಹಚ್ಚಿ ಅವರ ಕೈಗೇ ಕೊಟ್ಟೆ.

"ನಿಮ್ಮ ಸಮಸ್ಯೆ ಏನು ಸರ್?" ಎಂದಳು ಆ ಕಡೆಯ ಹುಡುಗಿ.

"ಒಳ್ಳೇ ಮಾತು ಬಂದಿದೆ ಕಣಮ್ಮಾ."

"ಅಭಿನಂದನೆಗಳು ಸರ್."

"ಅದನ್ನ ತೆಗೀಬೇಕಿತ್ತು."

ಆ ಕಡೆ ಕೀಬೋರ್ಡ್ ಟಕಟಕ ಎಂದಿತು. "ಕೆಟ್ಟ ಮಾತು ತೆಗೆಸೋಕೆ ಅರ್ಜಿ ಇದೆ ಸರ್. ಒಳ್ಳೇದಕ್ಕೆ ಇಲ್ಲ. ಗಿರಾಕಿನೇ ಏನಾದ್ರೂ ಬರೆದ್ರೆ ನಮ್ಮದು ತಾನಾಗೇ ಹೋಗುತ್ತೆ."

ಕೊನೆಗೆ, ಈ ಕರೆಯಿಂದ ನಿಮಗೆ ತೃಪ್ತಿಯಾಗಿದ್ದರೆ ಐದನ್ನು ಒತ್ತಿ ಎಂದು ಯಂತ್ರ ಹೇಳಿತು. ಮಾವ ಏನೂ ಒತ್ತಲಿಲ್ಲ. ಯಂತ್ರವೇ ಕಾದು ಕಾದು ಧನ್ಯವಾದ ಹೇಳಿ ಫೋನ್ ಇಟ್ಟಿತು.

ಮಾರನೆಯ ದಿನ ಹೊಸ ಕೋಲು ತಯಾರಾಯಿತು, ಅದೇ ಅಳತೆಯದು. ವಿಳಾಸ ಅವರಿಗೆ ಬಾಯಿಪಾಠವಾಗಿತ್ತು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಒಬ್ಬರನ್ನೇ ಕಳಿಸಬೇಡ ಎಂದು ಅತ್ತೆ ನನ್ನನ್ನೂ ಹೊರಡಿಸಿದರು. ಮಾವ ಹೊಸ ಕೋಲು ಊರಿಕೊಂಡು ಬಗ್ಗಿ ಬಗ್ಗಿ ಬಸ್ ಸ್ಟ್ಯಾಂಡಿಗೆ ನಡೆದರು. ಹಿಂದೆ ನಾನು ಅವರ ಗರಗಸದ ಚೀಲ ಹೊತ್ತುಕೊಂಡು ಗೊಣಗುತ್ತಾ ಹೋದೆ.

ಅದು ಮೂರನೆಯ ಮಹಡಿಯ ಮನೆ. ಲಿಫ್ಟ್ ಕೆಟ್ಟಿತ್ತು. ಬೆಲ್ ಒತ್ತಿದೆವು, ಯಾರೂ ಬರಲಿಲ್ಲ. ಮತ್ತೆ ಒತ್ತಿದೆವು. ಮಾವನ ಮುಖ ಬಿಳಿಚಿಕೊಂಡಿತು. "ಬಿದ್ದಿದ್ದಾರೆ" ಎಂದರು. ಅಷ್ಟರಲ್ಲಿ ಒಳಗಿನಿಂದ, ಗೋಡೆಗೆ ಅಂಗೈ ಸವರಿಕೊಂಡು ಯಾರೋ ನಿಧಾನವಾಗಿ ಬರುವ ಸದ್ದು ಕೇಳಿಸಿತು. ಆ ಸದ್ದು ಬಾಗಿಲು ಮುಟ್ಟುವವರೆಗೂ ಮಾವ ಉಸಿರು ಬಿಡಲಿಲ್ಲ.

ಬಾಗಿಲು ತೆಗೆದವರು ಸಣ್ಣಗೆ, ಕುಳ್ಳಗೆ, ನೆಟ್ಟಗೆ ಇದ್ದ ಒಬ್ಬ ಹೆಂಗಸು. ಸ್ಕೂಲ್ ಟೀಚರಾಗಿದ್ದವರು ಎಂದು ಆಮೇಲೆ ಗೊತ್ತಾಯಿತು. ಕೇಳಬೇಕಾಗಿಯೇ ಇರಲಿಲ್ಲ, ನಮ್ಮಿಬ್ಬರನ್ನೂ ತಡವಾಗಿ ಬಂದ ಮಕ್ಕಳನ್ನು ನೋಡುವ ಹಾಗೆ ನೋಡಿದರು.

"ಊರುಗೋಲು ಮಾಡಿದವನು ನಾನು ತಾಯಿ. ಹೇಗಿದೆ ಅಂತ ಕೇಳೋಕೆ ಬಂದೆ."

"ಅದನ್ನ ಬಿಚ್ಚೇ ಇಲ್ಲ. ಬೀರು ಮೇಲಿದೆ, ನೋಡಿ."

ನಿಜವಾಗಿಯೂ ಮೇಲಿತ್ತು. ಮಾವ ಅಂಟಿಸಿದ ವಿಳಾಸವೂ ಹಾಗೇ ಇತ್ತು. ಈ ಬಿಚ್ಚದ ಕಟ್ಟಿಗೇ ಐದು ಸ್ಟಾರ್ ಬಿದ್ದದ್ದು.

"ತರಿಸಿದ್ದು ಮಗಳು" ಎಂದರು ಟೀಚರಮ್ಮ. "ಬೇಕಾ ಅಂತ ನನ್ನ ಕೇಳ್ಲಿಲ್ಲ. ತಂದು ಮುಂದೆ ಇಟ್ಟಳು. ನಾನು ಸುಮ್ನಿದ್ದೆ. ಅಮ್ಮನಿಗೆ ತುಂಬಾ ಇಷ್ಟ ಆಯ್ತು ಅಂತ ಆಫೀಸಲ್ಲೆಲ್ಲ ಹೇಳ್ಕೊಂಡು ಬಂದಿದ್ದಾಳೆ."

ನಾನು ಸ್ಟೂಲ್ ಹತ್ತಿ ಕಟ್ಟು ಇಳಿಸಿದೆ. ಮಾವ ಬಿಚ್ಚಿ, ಕೋಲು ಊರಿ, ಆ ಗೋಡೆಯಿಂದ ಈ ಗೋಡೆಗೆ ನಡೆದರು. ತಿರುಗುವಾಗ ಕಿರ್ ಎಂದಿತು. ಹಿಡಿ ಅವರ ಅಂಗೈಯಲ್ಲಿ ಒಂದಿಷ್ಟು ಹೊರಳಿತು. ಒಂದಿಷ್ಟೇ. ಹೊರಗೆ ಮೂರು ಮಹಡಿ ಮೆಟ್ಟಿಲಿತ್ತು. ಮಾವ ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತು ಟವಲಿನಿಂದ ಮುಖ ಒರೆಸಿಕೊಂಡರು.

"ನೀವು ಬಿಚ್ಚದೇ ಇದ್ದದ್ದು ನನ್ನ ಪುಣ್ಯ ತಾಯಿ" ಎಂದರು. ನಾನು ಸ್ಟೂಲನ್ನು ಅದರ ಜಾಗಕ್ಕೆ ಎತ್ತಿಟ್ಟೆ.

ಆಮೇಲೆ ಮಾವ ಹೊಸ ಕೋಲನ್ನು ಅಡ್ಡ ಹಿಡಿದುಕೊಂಡು, ಕೊಡದೆ, ಕೇಳಿದರು. "ಮೊದಲು ಕೇಳ್ಬೇಕಾಗಿತ್ತು, ಈಗ ಕೇಳ್ತೀನಿ. ನಿಮಗೆ ಕೋಲು ಬೇಕಾ?"

ಟೀಚರಮ್ಮ ತಿರುಗಿ ಗೋಡೆ ನೋಡಿದರು. ಸೊಂಟದೆತ್ತರಕ್ಕೆ, ಮಲಗುವ ಕೋಣೆಯಿಂದ ಬಾಗಿಲವರೆಗೆ, ಅಂಗೈ ಸವರಿ ಸವರಿ ಸುಣ್ಣ ಮಾಸಿ ಉದ್ದಕ್ಕೊಂದು ಪಟ್ಟೆ ಎದ್ದಿತ್ತು. ಬೇಕು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? "ಬೇಕು ಅಂತ ಕಾಣುತ್ತಲ್ಲ…" ಎಂದು ನಾನು ಬಾಯಿ ಹಾಕಿದೆ. ಮಾವ ನನ್ನ ಕಡೆ ತಿರುಗದೆಯೇ ಕೈಯೆತ್ತಿ ತಡೆದರು. ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಮೂವರೂ ನಿಂತೆವು. ನನಗಂತೂ ಅಷ್ಟು ಹೊತ್ತು ಕಾದು ಅಭ್ಯಾಸವೇ ಇಲ್ಲ.

"ಕೊಡಿ, ನೋಡೋಣ" ಎಂದರು ಟೀಚರಮ್ಮ ಕೊನೆಗೆ.

ನಾಲ್ಕು ಹೆಜ್ಜೆ ಹಾಕಿ ನಿಂತರು. "ಉದ್ದ ಆಯ್ತು."

ಮಗಳು ಯಾಕೆಂದು ಹೇಳದೆ ಅಳತೆ ತೆಗೆದದ್ದು ಚಪ್ಪಲಿ ಹಾಕಿಸಿ. ಮನೆಯೊಳಗೆ ಅವರು ಬರಿಗಾಲು. ಮಾವನಿಗೆ ಆದ ಸಂತೋಷ ಹೇಳತೀರದು. ಚೀಲದಿಂದ ಗರಗಸ ತೆಗೆದು ಅಲ್ಲೇ ಕೂತು ತುದಿ ಕುಯ್ದು ರಬ್ಬರ್ ಹಾಕಿದರು. ನಾನು ಪುಡಿ ಗುಡಿಸಿದೆ. ನಾವು ಹೊರಟಾಗ ಟೀಚರಮ್ಮ ಕೋಲು ಊರಿಕೊಂಡು ಮೆಟ್ಟಿಲ ತನಕ ಬಂದರು, ಗೋಡೆ ಮುಟ್ಟದೆ. ಕೆಟ್ಟ ಕೋಲನ್ನು ಮಾವ ಕಂಕುಳಲ್ಲಿ ಇರುಕಿಕೊಂಡು ಇಳಿದರು.

ಕೆಲವು ದಿನ ಬಿಟ್ಟು ಫೋನ್ ತೆರೆದರೆ ಹಸಿರು ಗುರುತು ಮಾಯ! ಟೀಚರಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿದ್ದರು. ಮೂರು ಸ್ಟಾರ್. ಅಷ್ಟಕ್ಕೇ ನಮ್ಮ ಲೆಕ್ಕ ಕೂದಲೆಳೆಯಷ್ಟು ಕೆಳಗಿಳಿದಿತ್ತು. ಅವರಿಗಾಗಿ ಅರ್ಧ ದಿನ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋದವಳು ನಾನು! ಉರಿದುಕೊಂಡು ಶೆಡ್ಡಿಗೆ ಹೋಗಿ ಓದಿದೆ.

"ಮೊದಲನೆಯ ಕೋಲು ಅಲ್ಲಾಡುತ್ತಿತ್ತು. ಎರಡನೆಯದು ಉದ್ದವಾಗಿತ್ತು. ಈಗ ಸರಿಯಿದೆ. ದಿನಾ ಸಂಜೆ ಕೆಳಗಿಳಿದು ಹೋಗಿಬರುತ್ತೇನೆ. ಬೇಕಾ ಎಂದು ಕೇಳಿದರು, ಉತ್ತರ ಕೊಡುವ ತನಕ ಕಾದರು."

ಮಾವ ಉಜ್ಜುಕಾಗದ ಕೆಳಗಿಟ್ಟರು. "ಇನ್ನೊಂದ್ಸಲ ಓದಮ್ಮಾ."

ಓದಿದೆ.

"ಇನ್ನೊಂದ್ಸಲ."

ಆ ಸಲ ಅವರು ಕೇಳದೆಯೇ ಕೊನೆಯ ಸಾಲನ್ನು ಎರಡು ಸಲ ಓದಿದೆ. ಹಸಿರು ಗುರುತು ಹೋದ ದುಃಖಕ್ಕೆ ಎಂದುಕೊಳ್ಳಿ.