ಬಿಲ್ಲೆಗೊಂದು ಸೀಸದ ಚೀಲ

ಮೊನ್ನೆ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಅಂಜಲ್ ಮೀನು ಕೊಯ್ಯುವ ಹೆಂಗಸು ಹೊಸ ರಬ್ಬರ್ ಗ್ಲೌಸ್ ಹಾಕಿಕೊಂಡಳು ನೋಡಿ, ಆ ರಬ್ಬರ್ ವಾಸನೆಗೆ ಮೂಗು ಮುಚ್ಚಿಕೊಂಡು ಹಿಂದೆ ಸರಿದೆ. ಮೀನಿನ ನಾತಕ್ಕೆ ಎಂದೂ ಮೂಗು ಮುಚ್ಚದವನು ನಾನು. ಆದರೆ ಕಡಲಾಚೆಯ ಒಂದು ದೇಶದಲ್ಲಿ, ಸ್ಫೋಟವಾಗಿ ಮಾಡು ಹಾರಿಹೋಗಿದ್ದ ಅಣುಸ್ಥಾವರದೊಳಗೆ, ಮೂರು ಜೊತೆ ಗ್ಲೌಸ್ ಒಂದರ ಮೇಲೊಂದು ತೊಟ್ಟು ಮುರಿದ ಪೈಪು ಕತ್ತರಿಸಿದವನೂ ನಾನೇ.

ವಿಜ್ಞಾನಿ ಅಂದುಕೊಳ್ಳಬೇಡಿ. ಗಂಗೊಳ್ಳಿಯಲ್ಲಿ ಬೋಟಿನ ಕಬ್ಬಿಣ ವೆಲ್ಡಿಂಗ್ ಮಾಡಿಕೊಂಡಿದ್ದವನನ್ನು ಮುಂಬೈಯ ಏಜೆಂಟನೊಬ್ಬ ಅಲ್ಲಿಗೆ ಸಾಗಹಾಕಿದ್ದ. ಅಲ್ಲಿ ನಮಗೊಬ್ಬ ಸುರಕ್ಷಾಧಿಕಾರಿ. ದಪ್ಪ ಗಾಜಿನ ಹಿಂದೆ ಕಾಫಿ ಹೀರುತ್ತಾ 'ಹೆದರಬೇಡಿ' ಎಂದು ಮೈಕಿನಲ್ಲಿ ಧೈರ್ಯ ಹೇಳುತ್ತಿದ್ದ ಶೂರ. ಒಂದು ದಿನವೂ ಗಾಜಿನ ಈಚೆಗೆ ಬರಲಿಲ್ಲ.

ನಮ್ಮ ಎದೆಯ ಮೇಲೊಂದು ಬಿಲ್ಲೆ. ಮೈಗೆ ತಗಲಿದ ವಿಕಿರಣವನ್ನು ಅದು ಅಳೆಯುತ್ತಿತ್ತು. ಮಿತಿ ಮುಟ್ಟಿತೋ, ಊರಿಗೆ ವಾಪಸ್. ತಂಗಿಯ ಮದುವೆಗೆ ದುಡ್ಡು ಕೂಡಿಸಲು ಬಂದು ಜೊತೆಗಿದ್ದ ಬಿಜೂರಿನ ಭಾಸ್ಕರನಿಗೆ ವಿಕಿರಣಕ್ಕಿಂತ ಈ ಬಿಲ್ಲೆಯದೇ ಹೆದರಿಕೆ.

"ಹ್ವಾಯ್ ಅಣ್ಣ, ಇದ್ ತುಂಬ್ರೆ ನನ್ನ ಕಳ್ಸಿ ಬಿಡ್ತ್ರ್. ತಂಗಿ ಮದಿ ಆಪುಕಿತ್ತ್, ಎಂತ ಮಾಡೂದ್?"

"ಸುಮ್ನಿರ್ ಮಾರಾಯ, ನಾನ್ ಕಾಣ್ತೆ" ಎಂದೆ.

ಬುದ್ಧಿವಂತ ನಾನು! ನಮ್ಮ ಕಡಲಲ್ಲಿ ಒಳ್ಳೆ ಮೀನು ಬಿದ್ದ ಜಾಗ ಬೇರೆ ಬೋಟಿನವರಿಗೆ ತಿಳಿಯಬಾರದೆಂದು, ಬೋಟು ಎಲ್ಲಿದೆಯೆಂದು ತೋರಿಸುವ ಯಂತ್ರವನ್ನೇ ಆಫ್ ಮಾಡಿಬಿಡುವುದುಂಟು. ಸುದ್ದಿ ಮುಟ್ಟಿಸುವ ಯಂತ್ರ ಯಾವುದೇ ಇರಲಿ, ಅದು ಚಾಡಿಕೋರ ಎಂಬುದಷ್ಟೇ ನಾನು ಕಲಿತ ವಿಜ್ಞಾನ. ಬಲೆಯ ಅಂಚಿಗೆ ಸೀಸ ಬಡಿದು ಕಟ್ಟಿದ ಕೈ ಬೇರೆ. ಸ್ಥಾವರದಲ್ಲಿ ವಿಕಿರಣ ತಡೆಯಲು ತಂದಿಟ್ಟಿದ್ದ ಸೀಸದ ಹಾಳೆ ತಟ್ಟಿ ಇಬ್ಬರ ಬಿಲ್ಲೆಗೂ ಚೆಂದದ ಚೀಲ ಮಾಡಿದೆ. ವಿಕಿರಣ ನಮ್ಮ ಮೈಗೆ ತಗಲುತ್ತಿತ್ತು, ಬಿಲ್ಲೆಗೆ ತಗಲುತ್ತಿರಲಿಲ್ಲ. ಸುರಕ್ಷಾಧಿಕಾರಿ ಕಂಡೂ ಮುಖ ತಿರುಗಿಸಿದ. ಅವನ ದಾಖಲೆಯೂ ಚೊಕ್ಕವಾಯಿತಲ್ಲ!

ಊರಿಗೆ ಬಂದಮೇಲೆ ಯುವಕ ಸಂಘದವರು ಶಾಲು ಹೊದಿಸಿದರು. ಇಡೀ ಸ್ಥಾವರವನ್ನು ನಾನೊಬ್ಬನೇ ಹೆಗಲ ಮೇಲೆ ಹೊತ್ತು ನಿಲ್ಲಿಸಿದೆನೋ ಎಂಬಂತೆ ಅಧ್ಯಕ್ಷರು ಹೊಗಳಿದರು. ನಾನೂ ಎದೆಯುಬ್ಬಿಸಿ, "ನಮಗೇನೂ ತಗಲಲಿಲ್ಲ, ದಾಖಲೆಯೇ ಇದೆ" ಎಂದು ಭಾಷಣ ಬಿಗಿದೆ. ಚಪ್ಪಾಳೆಯೋ ಚಪ್ಪಾಳೆ.

ಮೊನ್ನೆ ಮಾರ್ಕೆಟ್ಟಿನಿಂದ ಮನೆಗೆ ಬಂದರೆ ಜಗಲಿಯಲ್ಲಿ ಭಾಸ್ಕರ ಕೂತಿದ್ದ. ಅರ್ಧ ಇಳಿದುಹೋಗಿದ್ದಾನೆ. ರಕ್ತದ ಕಾಯಿಲೆಯಂತೆ. ಚಿಕಿತ್ಸೆ ಕೊಡಿಸಿ ಎಂದು ಬರೆದದ್ದಕ್ಕೆ ಅಲ್ಲಿ ನಮಗೆ ಕೆಲಸ ಕೊಟ್ಟಿದ್ದ ಗುತ್ತಿಗೆದಾರನ ಉತ್ತರ ಅವನ ಕೈಯಲ್ಲಿತ್ತು: ದಾಖಲೆ ಪ್ರಕಾರ ತಗಲಿದ್ದು ಅಲ್ಪ, ಕಾಯಿಲೆಗೂ ಕೆಲಸಕ್ಕೂ ಸಂಬಂಧವಿಲ್ಲ.

"ನಿಮ್ ಮೇಲ್ ಸಿಟ್ಟಿಲ್ಲೆ ಅಣ್ಣ. ನಡ್ದದ್ದ್ ಬರ್ದ್ ಕೊಡಿ, ಸಾಕ್."

ಬೈದಿದ್ದರೆ ಚೆನ್ನಾಗಿತ್ತು. ಬರೆದುಕೊಟ್ಟರೆ ಶಾಲಿನ ಮರ್ಯಾದೆ ಹೋಗುತ್ತದೆ, ಮೋಸದ ಕೇಸೂ ಬೀಳಬಹುದು. ಪೆನ್ನಿನಲ್ಲಿ ಶಾಯಿಯಿಲ್ಲವೆಂದು ಎರಡು ದಿನ ನನಗೆ ನಾನೇ ಸುಳ್ಳು ಹೇಳಿಕೊಂಡೆ. ಇವತ್ತು ಬೆಳಿಗ್ಗೆ ಬರೆದೆ. ಸೀಸ ತಟ್ಟಿದವನು ನಾನು, ಆ ದಾಖಲೆ ಸುಳ್ಳು ಎಂದು ಸಹಿ ಹಾಕಿ, ಬಿಜೂರಿಗೆ ಹೋಗಿ ಅವನ ಕೈಗಿಟ್ಟೆ.

ಭಾಸ್ಕರ ನಿಧಾನವಾಗಿ ಓದಿದ. ಕಾಗದ ಮಡಚಿ ಕೇಳಿದ:

"ಹಂಗಾರೆ ನಂಗ್ ನಿಜವಾಯ್ ಎಷ್ಟ್ ತಾಗಿತ್ತ್ ಅಣ್ಣ?"

ಅದು ಗೊತ್ತಿರಬಹುದಾಗಿದ್ದದ್ದು ಲೋಕದಲ್ಲಿ ಆ ಬಿಲ್ಲೆಯೊಂದಕ್ಕೇ. ಅದರ ಬಾಯಿ ಕಟ್ಟಿದವನು ನಾನು.

"ಗೊತ್ತಿಲ್ಲೆ" ಎಂದೆ.